ಹಾಲಿನ ನಾಳದ ಗಡಿ: ಸ್ತನ ಕ್ಯಾನ್ಸರ್ ಮೊದಲ ಹಂತದಿಂದ ಮುಂದೆ ಸಾಗುವ ಬಗೆ

ಸ್ತನದ ಕ್ಯಾನ್ಸರ್ ಬಹುಪಾಲು ಹುಟ್ಟುವುದು ಹಾಲಿನ ನಾಳದ ಕಟ್ಟಕಡೆಯ ಕವಲಿನಲ್ಲಿ, ಹಾಲು ಸ್ರವಿಸುವ ಕಿರುಗುಳ್ಳೆಗಳ ಗೊಂಚಲನ್ನು ನಾಳ ಬಂದು ಸೇರುವ ಜಾಗದಲ್ಲಿ. ನಾಳದ ಕ್ಯಾನ್ಸರ್ ನಾಳದಲ್ಲೂ ಗುಳ್ಳೆಯ ಕ್ಯಾನ್ಸರ್ ಗುಳ್ಳೆಯಲ್ಲೂ ಹುಟ್ಟುತ್ತದೆ ಎಂದು ಹಿಂದೆ ತಿಳಿಯಲಾಗಿತ್ತು. 1970ರ ದಶಕದಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಸೆಫ್ಟನ್ ವೆಲ್ಲಿಂಗ್ಸ್ ಮತ್ತು ಅವರ ಸಂಗಡಿಗರು ಇಡೀ ಸ್ತನಗಳನ್ನು ತೆಳುವಾಗಿ ಹೋಳುಮಾಡಿ, ಒಂದೊಂದು ಹೋಳನ್ನೂ ಪರೀಕ್ಷಿಸಿ, ಎರಡೂ ಬಗೆಯವು ಈ ಒಂದೇ ನೆಲೆಯಿಂದ ಹೊರಡುತ್ತವೆ ಎಂದು ತೋರಿಸಿದರು. ಹೆಸರುಗಳು ಹಾಗೆಯೇ ಉಳಿದವು. ಹುಟ್ಟುವ ನೆಲೆ ಮಾತ್ರ ಅಂದಿನಿಂದ ಖಚಿತವಾಯಿತು.

ಆ ನೆಲೆಯ ರಚನೆ ತಿಳಿಯದೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ. ಒಂದು ಸ್ತನದಲ್ಲಿ ಸುಮಾರು 15ರಿಂದ 20 ಹಾಲೆಗಳಿರುತ್ತವೆ. ಒಂದೊಂದು ಹಾಲೆಯೂ ಕವಲೊಡೆಯುತ್ತ ಹೋಗುವ ನಾಳಗಳ ಒಂದು ಜಾಲ. ನಾಳದ ಗೋಡೆಗೆ ಎರಡು ಪದರಗಳ ಕೋಶಗಳಿವೆ. ಒಳಗಿನ ಪದರದವು ಹಾಲು ತಯಾರಿಸುವ, ಹಾಲನ್ನು ಸಾಗಿಸುವ ಕೋಶಗಳು. ಅವುಗಳನ್ನು ಹೊರಗಿನಿಂದ ಅಪ್ಪಿಕೊಂಡಿರುವವು ಮಯೋಎಪಿಥೀಲಿಯಲ್ ಕೋಶಗಳು. ಮಗು ಮೊಲೆಯುಣ್ಣುವಾಗ ಸಂಕುಚಿಸಿ ಹಾಲನ್ನು ಮುಂದಕ್ಕೆ ತಳ್ಳುವುದು ಇವೇ. ಈ ಎರಡು ಪದರಗಳ ಹೊರಗೆ ಕೊಲಾಜನ್, ಲ್ಯಾಮಿನಿನ್ ಮುಂತಾದ ಪ್ರೋಟೀನುಗಳಿಂದ ಹೆಣೆದ ತೆಳುವಾದ ತಳಪೊರೆಯಿದೆ. ಅದರಾಚೆ ಸ್ತನದ ಉಳಿದ ಅಂಗಾಂಶ: ಕೊಬ್ಬು, ನಾರಿನ ಎಳೆಗಳು, ಆ ಎಳೆಗಳನ್ನು ನೇಯುವ ಫೈಬ್ರೊಬ್ಲಾಸ್ಟ್ ಕೋಶಗಳು, ರೋಗನಿರೋಧಕ ಕೋಶಗಳು, ರಕ್ತನಾಳಗಳು, ದುಗ್ಧರಸ ನಾಳಗಳು. ರಕ್ತನಾಳವಾಗಲಿ ದುಗ್ಧರಸ ನಾಳವಾಗಲಿ ತಳಪೊರೆಯ ಒಳಕ್ಕೆ ಬರುವುದಿಲ್ಲ. ಹಾಲಿನ ನಾಳದೊಳಗೆ ಕೋಶಗಳು ಎಷ್ಟೇ ಬೆಳೆದರೂ, ಪೊರೆ ಉಳಿದಿರುವವರೆಗೆ ಕಂಕುಳಿಗೋ ಮೂಳೆಗೋ ಶ್ವಾಸಕೋಶಕ್ಕೋ ಹೋಗಲು ಅವುಗಳಿಗೆ ದಾರಿಯಿಲ್ಲ.

ಕ್ಯಾನ್ಸರ್ ಕೋಶಗಳ ಎಲ್ಲ ಲಕ್ಷಣಗಳಿದ್ದೂ ಪೊರೆಯನ್ನು ದಾಟದ ಈ ಸ್ಥಿತಿಯೇ ನಾಳದೊಳಗಿನ ಕ್ಯಾನ್ಸರ್. ಆಸ್ಪತ್ರೆಯ ವರದಿಗಳಲ್ಲಿ ಅದು ‘ಡಿಸಿಐಎಸ್’ ಎಂದೇ ಬರುತ್ತದೆ. ಟಿಎನ್‌ಎಂ ಎಂಬ, ಕ್ಯಾನ್ಸರಿನ ಹಂತ ಗುರುತಿಸುವ ವರ್ಗೀಕರಣದಲ್ಲಿ ಇದು ಸೊನ್ನೆಯ ಹಂತ. ಹುಟ್ಟಿದ ಜಾಗದಲ್ಲೇ ಉಳಿದ ಕ್ಯಾನ್ಸರ್ ಎಂಬ ವರ್ಗವನ್ನು 1932ರಲ್ಲಿ ಸ್ಪಷ್ಟವಾಗಿ ಬರೆದಿಟ್ಟವರು ಮೇಯೋ ಕ್ಲಿನಿಕ್‌ನ ಆಲ್ಬರ್ಟ್ ಬ್ರೋಡರ್ಸ್. ಎರಡು ವರ್ಷದ ಬಳಿಕ ಜೋಸೆಫ್ ಬ್ಲಡ್‌ಗುಡ್, ಕತ್ತರಿಸಿ ಒತ್ತಿದಾಗ ನಾಳಗಳಿಂದ ಸತ್ತ ಕೋಶಗಳ ಗಟ್ಟಿ ಕೀವಿನಂಥ ವಸ್ತು ಹೊರಬರುವ ಬಗೆಯನ್ನು ಕೊಮಿಡೊ ಎಂಬ ಹೆಸರಿನಿಂದ ವಿವರಿಸಿದರು. 1941ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಫುಟ್ ಮತ್ತು ಸ್ಟೂವರ್ಟ್ ಕಿರುಗುಳ್ಳೆಗಳಲ್ಲಿ ಕಾಣುವ ಇನ್ನೊಂದು ಬಗೆಯನ್ನು ಬೇರ್ಪಡಿಸಿದರು. ಗುಳ್ಳೆಯೊಳಗಿನ ಈ ಬಗೆಯು ಎರಡೂ ಸ್ತನಗಳಲ್ಲಿ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚಿದೆ ಎಂಬುದರ ಗುರುತು. ಅದರ ಕಥೆ ಬೇರೆಯದೇ ಆದ್ದರಿಂದ ಇಲ್ಲಿನ ವಿವರಣೆ ನಾಳದ ಬಗೆಗೆ ಸೀಮಿತ.

ಮ್ಯಾಮೊಗ್ರಾಂ ವ್ಯಾಪಕವಾಗಿ ಬರುವ ಮುನ್ನ ಈ ಹಂತದ ರೋಗ ವೈದ್ಯರ ಕಣ್ಣಿಗೆ ಬೀಳುತ್ತಿದ್ದುದೇ ಅಪರೂಪ. ಪತ್ತೆಯಾದ ಸ್ತನ ಕ್ಯಾನ್ಸರುಗಳಲ್ಲಿ ಅದರ ಪಾಲು ನೂರಕ್ಕೆ ಐದನ್ನೂ ಮುಟ್ಟುತ್ತಿರಲಿಲ್ಲ. ಕೈಗೆ ಸಿಗುವ ಗಂಟು ಸಾಮಾನ್ಯವಾಗಿ ಇರುವುದಿಲ್ಲ, ನೋವೂ ಇರುವುದಿಲ್ಲ. ಆದರೆ ನಾಳದ ನಡುವೆ ಸತ್ತ ಕೋಶಗಳ ಮೇಲೆ ಸುಣ್ಣದ ಅತಿ ಸೂಕ್ಷ್ಮ ಕಣಗಳು ಕೂಡಿಕೊಳ್ಳುತ್ತವೆ. ಎಕ್ಸ್‌-ರೇ ಚಿತ್ರದಲ್ಲಿ ಅವು ಬಿಳಿಯ ಚುಕ್ಕೆಗಳಾಗಿ ಕಾಣುತ್ತವೆ. ಉರುಗ್ವೆಯ ರೌಲ್ ಲೆಬೋರ್ಞ್ 20ನೇ ಶತಮಾನದ ನಡುಭಾಗದಲ್ಲಿ ಈ ಕಣಗಳ ಮಹತ್ವವನ್ನು ಗುರುತಿಸಿದ್ದರು. 1980ರ ದಶಕದಿಂದ ಅಮೆರಿಕ, ಯುರೋಪುಗಳಲ್ಲಿ ಲಕ್ಷಣಗಳಿಲ್ಲದ ಮಹಿಳೆಯರಿಗೂ ನಿಯತವಾಗಿ ಮ್ಯಾಮೊಗ್ರಾಂ ಮಾಡಲು ಮೊದಲಾದ ಮೇಲೆ ಈ ಚುಕ್ಕೆಗಳೇ ಸುಳಿವಾದವು. ಇಂದು ಅಮೆರಿಕದಲ್ಲಿ ಪತ್ತೆಯಾಗುವ ಪ್ರತಿ ಐದು ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಒಂದು ನಾಳದೊಳಗಿನದು. ಹಿಂದೆ ಅಪರೂಪಕ್ಕೆ ಕಾಣುತ್ತಿದ್ದ ಸ್ಥಿತಿ ಲಕ್ಷಾಂತರ ಮಹಿಳೆಯರ ವರದಿಗಳಲ್ಲಿ ಕಾಣಿಸಿಕೊಂಡಿತು. ಇದರಲ್ಲಿ ಯಾವುದು ಗಡಿ ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬ ಪ್ರಶ್ನೆಯೂ ಅದರೊಂದಿಗೇ ಬಂತು.

ನಾಳದೊಳಗಿನ ಕ್ಯಾನ್ಸರಿಗೂ ಹಿಂದಿನ ಮೆಟ್ಟಿಲುಗಳಿವೆ. ಒಳಪದರದ ಕೋಶಗಳು ಮೊದಲು ಸಂಖ್ಯೆಯಲ್ಲಿ ಹೆಚ್ಚುತ್ತವೆ. ಆಮೇಲೆ ಕೆಲವೆಡೆ ಅವುಗಳ ಆಕಾರ, ಜೋಡಣೆ ಕೆಡುತ್ತವೆ. ಈ ಕೆಟ್ಟ ಜೋಡಣೆಯ ಬೆಳವಣಿಗೆಯನ್ನು ಅಸಹಜ ಹೈಪರ್‌ಪ್ಲೇಸಿಯಾ ಎನ್ನುತ್ತಾರೆ. ಅಮೆರಿಕದ ನ್ಯಾಶ್‌ವಿಲ್‌ನ ಡೇವಿಡ್ ಪೇಜ್ ಮತ್ತು ವಿಲಿಯಂ ಡುಪಾಂಟ್ 1985ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಬೆಳವಣಿಗೆ ಇರುವವರಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಇದಕ್ಕೂ ಕೆಳದರ್ಜೆಯ ನಾಳದೊಳಗಿನ ಕ್ಯಾನ್ಸರಿಗೂ ನಡುವಿನ ಗೆರೆ ಬಹಳ ತೆಳು. ಕೋಶಗಳು ಎರಡೂ ಕಡೆ ಒಂದೇ ಬಗೆಯವು. ವಿಸ್ತಾರ ಎರಡು ಮಿಲಿಮೀಟರ್ ಮೀರಿದರೆ, ಅಥವಾ ಎರಡು ನಾಳಗಳನ್ನು ಪೂರ್ತಿ ತುಂಬಿದ್ದರೆ ಕ್ಯಾನ್ಸರ್ ಎಂದು ಕರೆಯುವುದು ರೂಢಿ. ಇದು ರೋಗಶಾಸ್ತ್ರಜ್ಞರು ತಮ್ಮೊಳಗೆ ಒಪ್ಪಿಕೊಂಡ ಅಳತೆ. ಪ್ರಕೃತಿ ಅಲ್ಲಿ ಯಾವ ಗೆರೆಯನ್ನೂ ಎಳೆದಿಲ್ಲ. ಅದಕ್ಕಾಗಿಯೇ ಅಂಗಾಂಶದ ಹೋಳಿರುವ ಒಂದೇ ಗಾಜಿನ ಪಟ್ಟಿಯನ್ನು ನೋಡಿದ ಇಬ್ಬರು ನುರಿತ ತಜ್ಞರು ಕೆಲವೊಮ್ಮೆ ಬೇರೆ ಬೇರೆ ವರದಿ ಕೊಡುತ್ತಾರೆ. ಇಂಥ ಗಡಿರೇಖೆಯ ಪ್ರಕರಣಗಳಲ್ಲಿ ಎರಡನೆಯ ಅಭಿಪ್ರಾಯ ಕೇಳುವುದು ವೈದ್ಯರ ಮೇಲಿನ ಅಪನಂಬಿಕೆಯಲ್ಲ, ರೋಗಿಯ ಹಕ್ಕು.

ಕೋಶಗಳ ದರ್ಜೆ ಮುಂದಿನ ದಾರಿಯನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಕೆಳದರ್ಜೆಯ ಕೋಶಗಳು ನೋಡಲು ಸಹಜ ಕೋಶಗಳನ್ನು ಹೋಲುತ್ತವೆ, ನಿಧಾನವಾಗಿ ವಿಭಜಿಸುತ್ತವೆ, ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕಗಳನ್ನು ಹೊಂದಿರುತ್ತವೆ. ಅವುಗಳಲ್ಲಿ 16ನೇ ವರ್ಣತಂತುವಿನ ಉದ್ದನೆಯ ತೋಳಿನ ಭಾಗ ಕಳೆದುಹೋಗಿರುವುದು ಪದೇ ಪದೇ ಕಾಣುತ್ತದೆ. ಮೇಲ್ದರ್ಜೆಯ ಕೋಶಗಳ ಬೀಜಕೇಂದ್ರ ದೊಡ್ಡದು, ವಿಕಾರವಾದದ್ದು. ವಿಭಜನೆ ಚುರುಕು, ವರ್ಣತಂತುಗಳಲ್ಲಿ ಹಾನಿಯೂ ಹೆಚ್ಚು. 17ನೇ ವರ್ಣತಂತುವಿನ ಮೇಲಿರುವ ಹರ್‌-2 ಜೀನಿನ ಪ್ರತಿಗಳು ಹಲವು ಪಟ್ಟು ಹೆಚ್ಚಿರುವುದು ಇವುಗಳಲ್ಲಿ ಸಾಮಾನ್ಯ. ಮೊದಲ ಬಗೆಯು ಕ್ರಮೇಣ ಎರಡನೆಯ ಬಗೆಯಾಗಿ ಬದಲಾಗುವುದು ಅಪರೂಪ. ಕೆಳದರ್ಜೆಯದು ಗಡಿ ದಾಟಿದರೆ ಬಹುತೇಕ ಕೆಳದರ್ಜೆಯ ಆಕ್ರಮಣಕಾರಿ ಕ್ಯಾನ್ಸರ್ ಆಗುತ್ತದೆ, ಮೇಲ್ದರ್ಜೆಯದು ಮೇಲ್ದರ್ಜೆಯದೇ ಆಗುತ್ತದೆ. ಇವು ಒಂದೇ ದಾರಿಯ ಹಿಂದುಮುಂದಿನ ಮೈಲಿಗಲ್ಲುಗಳಲ್ಲ, ಮೊದಲಿಂದಲೇ ಬೇರೆಯಾದ ಎರಡು ದಾರಿಗಳು.

ಹರ್‌-2 ವಿಷಯದಲ್ಲಿ ಇಂದಿಗೂ ಪೂರ್ತಿ ಬಿಡಿಸಲಾಗದ ಒಂದು ಒಗಟಿದೆ. ಆಕ್ರಮಣಕಾರಿ ಕ್ಯಾನ್ಸರುಗಳಲ್ಲಿ ನೂರಕ್ಕೆ 15ರಿಂದ 20ರಷ್ಟು ಹರ್‌-2 ಹೆಚ್ಚಿರುವವು. ನಾಳದೊಳಗಿನ ಕ್ಯಾನ್ಸರುಗಳಲ್ಲಿ ಈ ಪ್ರಮಾಣ ಅದಕ್ಕಿಂತ ಹೆಚ್ಚು. ಗಡಿ ದಾಟಲು ಈ ಜೀನೇ ಕಾರಣವಾಗಿದ್ದರೆ ಲೆಕ್ಕ ತಿರುಗುಮುರುಗಾಗಿ ಇರಬೇಕಿತ್ತು. ಕೋಶವನ್ನು ನಾಳದೊಳಗೆ ವೇಗವಾಗಿ ಬೆಳೆಸುವ ಗುಣ ಬೇರೆ, ನಾಳದಿಂದ ಹೊರಗೆ ನುಗ್ಗಿಸುವ ಗುಣ ಬೇರೆ ಎಂದು ಇದರಿಂದ ಎಣಿಸಬೇಕಾಗುತ್ತದೆ.

ಚಿಕಿತ್ಸೆ ಮಾಡದೆ ಬಿಟ್ಟರೆ ನಾಳದೊಳಗಿನ ಕ್ಯಾನ್ಸರ್ ಏನಾಗುತ್ತದೆ? ಇದಕ್ಕೆ ನೇರ ಉತ್ತರ ಕೊಡುವ ಮಾಹಿತಿ ಕಡಿಮೆ, ಏಕೆಂದರೆ ಪತ್ತೆಯಾದ ಬಹುತೇಕ ಎಲ್ಲರಿಗೂ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಇರುವ ಅಲ್ಪ ಮಾಹಿತಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಡೇವಿಡ್ ಪೇಜ್ ಅವರ ನ್ಯಾಶ್‌ವಿಲ್ ಅಧ್ಯಯನ. 1950ರಿಂದ 1968ರ ನಡುವೆ ಮಾಡಿದ 11,760 ಬಯಾಪ್ಸಿಗಳ ಹಳೆಯ ಗಾಜಿನ ಪಟ್ಟಿಗಳನ್ನು ಅವರ ತಂಡ ಮತ್ತೆ ಪರೀಕ್ಷಿಸಿತು. ಆ ಕಾಲದಲ್ಲಿ ‘ತೊಂದರೆಯಿಲ್ಲದ ಗಂಟು’ ಎಂದು ವರದಿಯಾಗಿ ಬಯಾಪ್ಸಿಯಾಚೆಗೆ ಯಾವ ಚಿಕಿತ್ಸೆಯನ್ನೂ ಪಡೆಯದಿದ್ದವರಲ್ಲಿ 28 ಮಹಿಳೆಯರಿಗೆ ನಿಜಕ್ಕೂ ಕೆಳದರ್ಜೆಯ ನಾಳದೊಳಗಿನ ಕ್ಯಾನ್ಸರ್ ಇತ್ತು. ದಶಕಗಳ ಕಾಲ ಅವರ ಆರೋಗ್ಯವನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 11 ಮಂದಿಗೆ ಆಕ್ರಮಣಕಾರಿ ಕ್ಯಾನ್ಸರ್ ಬಂದಿತ್ತು. ಹನ್ನೊಂದೂ ಅದೇ ಸ್ತನದಲ್ಲಿ, ಹಿಂದೆ ಬಯಾಪ್ಸಿ ಮಾಡಿದ್ದ ಅದೇ ಭಾಗದಲ್ಲಿ ಬಂದವು. ಏಳು ಮಂದಿಗೆ ಹತ್ತು ವರ್ಷದೊಳಗೆ ಬಂದರೆ, ಮೂವರಿಗೆ ಬಂದದ್ದು 23ರಿಂದ 42 ವರ್ಷಗಳ ಬಳಿಕ.

ಸಂಖ್ಯೆ ಸಣ್ಣದು. ಆದರೂ ಈ ಅಧ್ಯಯನ ಹೇಳುವ ಮಾತುಗಳು ದೊಡ್ಡವು. ಕೆಳದರ್ಜೆಯದಾದರೂ ಇದು ನಿರುಪದ್ರವಿಯಲ್ಲ. ಹುಟ್ಟಿದ ಜಾಗದಿಂದಲೇ ಅದು ಹೊರಬೀಳುತ್ತದೆ, ಆದ್ದರಿಂದ ನಾಳದೊಳಗಿನದು ಹೊರಗಿನದರ ನಿಜವಾದ ಪೂರ್ವರೂಪ. ಅದರ ಜೊತೆಗೆ, 28ರಲ್ಲಿ 17 ಮಂದಿಗೆ ಅದು ಎಂದೂ ಗಡಿ ದಾಟಲಿಲ್ಲ. ಬೇರೆ ಕಾರಣಗಳಿಂದ ತೀರಿಕೊಂಡ ಮಹಿಳೆಯರ ಮರಣೋತ್ತರ ಪರೀಕ್ಷೆಗಳಲ್ಲಿ ಕೂಡ, ಬದುಕಿದ್ದಾಗ ಯಾವ ಸುಳಿವನ್ನೂ ಕೊಡದ ನಾಳದೊಳಗಿನ ಕ್ಯಾನ್ಸರ್ ಕೆಲವರಲ್ಲಿ ಕಂಡಿದೆ.

ಗಡಿ ದಾಟುವ ಕ್ರಿಯೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಬಹುಕಾಲ ಕೊಟ್ಟ ಉತ್ತರ ಸರಳವಾಗಿತ್ತು: ಕೋಶದೊಳಗೆ ಒಂದೊಂದಾಗಿ ಜೀನುಗಳ ದೋಷಗಳು ಕೂಡುತ್ತ ಹೋಗುತ್ತವೆ, ಕೊನೆಯದೊಂದು ದೋಷ ಅದಕ್ಕೆ ನುಗ್ಗುವ ಶಕ್ತಿ ಕೊಡುತ್ತದೆ. ಆ ಕೊನೆಯ ದೋಷವನ್ನು ಹುಡುಕಿದವರಿಗೆ ಅದು ಸಿಗಲಿಲ್ಲ. 2003ರಲ್ಲಿ ಬಾಸ್ಟನ್ನಿನ ಸಂಶೋಧಕರು ಒಂದೇ ಸ್ತನದ ಅಸಹಜ ಹೈಪರ್‌ಪ್ಲೇಸಿಯಾ, ನಾಳದೊಳಗಿನ ಕ್ಯಾನ್ಸರ್ ಮತ್ತು ಆಕ್ರಮಣಕಾರಿ ಕ್ಯಾನ್ಸರ್ ಕೋಶಗಳನ್ನು ಲೇಸರಿನಿಂದ ಪ್ರತ್ಯೇಕಿಸಿ ಅವುಗಳ ಜೀನುಗಳ ಚಟುವಟಿಕೆಯನ್ನು ಹೋಲಿಸಿದರು. ಮೂರೂ ಹಂತಗಳು ಅಚ್ಚರಿಪಡುವಷ್ಟು ಒಂದೇ ಬಗೆಯಾಗಿದ್ದವು. ವ್ಯತ್ಯಾಸ ಎದ್ದು ಕಂಡದ್ದು ದರ್ಜೆಯಿಂದ ದರ್ಜೆಗೆ. ಟಿಪಿ53, ಪಿಐಕೆ3ಸಿಎ, ಗಾಟಾ3 ಮುಂತಾಗಿ ಸ್ತನ ಕ್ಯಾನ್ಸರಿನಲ್ಲಿ ಹೆಸರಾದ ಜೀನ್ ದೋಷಗಳು ನಾಳದೊಳಗಿನ ಹಂತದಲ್ಲೇ ಇರುತ್ತವೆ.

2018ರಲ್ಲಿ ಟೆಕ್ಸಾಸ್‌ನ ಎಂ.ಡಿ. ಆಂಡರ್‌ಸನ್ ಕ್ಯಾನ್ಸರ್ ಕೇಂದ್ರದ ನಿಕೊಲಸ್ ನಾವಿನ್ ಅವರ ತಂಡ ಇನ್ನೂ ಸೂಕ್ಷ್ಮವಾದ ಕೆಲಸ ಮಾಡಿತು. ಹತ್ತು ಮಹಿಳೆಯರ ಗಡ್ಡೆಗಳಲ್ಲಿ ಒಂದೊಂದು ಕೋಶವೂ ನಾಳದ ಒಳಗಿತ್ತೋ ಹೊರಗಿತ್ತೋ ಎಂದು ಜಾಗ ಗುರುತಿಟ್ಟುಕೊಂಡು, ಒಟ್ಟು 1,293 ಕೋಶಗಳ ಡಿಎನ್‌ಎಯನ್ನು ಬಿಡಿಬಿಡಿಯಾಗಿ ಓದಿತು. ವರ್ಣತಂತುಗಳ ಏರುಪೇರೆಲ್ಲ ಬಹುತೇಕ ನಾಳದೊಳಗೇ ಮುಗಿದಿತ್ತು. ಒಂದೇ ಕೋಶಸಂತತಿ ಗೆದ್ದು ಹೊರಬಂದಿರಲಿಲ್ಲ, ನಾಳದೊಳಗಿದ್ದ ಹಲವು ಸಂತತಿಗಳು ಒಟ್ಟಿಗೆ ಹೊರಬಿದ್ದಿದ್ದವು. ಕೋಶಗಳಿಗೆ ಬೇಕಾದ ಸಿದ್ಧತೆ ಮೊದಲೇ ಆಗಿದ್ದರೆ, ಅವು ವರ್ಷಗಟ್ಟಲೆ ಒಳಗೇ ಉಳಿದದ್ದೇಕೆ, ಒಂದು ದಿನ ಹೊರಬಂದದ್ದೇಕೆ? ಉತ್ತರವನ್ನು ಕೋಶದಾಚೆಗೂ ಹುಡುಕಬೇಕು. ಕೆರೆಯ ಏರಿ ಒಡೆಯುವುದು ನೀರಿನ ಒತ್ತಡ ಒಂದರಿಂದಲೇ ಅಲ್ಲ, ಏರಿಯ ಮಣ್ಣು ಸಡಿಲಾಗುವುದರಿಂದಲೂ ಹೊರಮೈಯಲ್ಲಿ ಬಿಲ ಬೀಳುವುದರಿಂದಲೂ ಅದು ಒಡೆಯುತ್ತದೆ. ಇಲ್ಲಿಯೂ ಒಳಗು, ಗೋಡೆ, ಹೊರಗು ಮೂರನ್ನೂ ನೋಡಬೇಕು.

ಒಳಗಿನಿಂದ ಮೊದಲುಮಾಡಬಹುದು. ನಾಳದೊಳಗೆ ರಕ್ತನಾಳವಿಲ್ಲವಾದ್ದರಿಂದ ಅಲ್ಲಿನ ಕೋಶಗಳಿಗೆ ಆಮ್ಲಜನಕ ಪೊರೆಯಾಚೆಯಿಂದ ಸೋಸಿ ಬರಬೇಕು. ಹಾಗೆ ಅದು ತಲುಪಬಲ್ಲ ದೂರ ಒಂದು ಮಿಲಿಮೀಟರಿನ ಹತ್ತನೇ ಒಂದರಿಂದ ಐದನೇ ಒಂದು ಭಾಗದಷ್ಟು. ನಾಳ ತುಂಬಿ ಉಬ್ಬಿದಂತೆ ನಡುವಿನ ಕೋಶಗಳು ಉಸಿರುಕಟ್ಟಿ ಸಾಯುತ್ತವೆ. ಮೇಲ್ದರ್ಜೆಯ ಬಗೆಯಲ್ಲಿ ಕಾಣುವ ಕೊಮಿಡೊ ಕೊಳೆತ, ಮ್ಯಾಮೊಗ್ರಾಂನಲ್ಲಿ ಮೂಡುವ ಸುಣ್ಣದ ಸಾಲು, ಇವು ಇದರ ಫಲ. ಬದುಕುಳಿದ ಕೋಶಗಳು ಆಮ್ಲಜನಕ ಕಡಿಮೆಯಾದಾಗ ಸಕ್ರಿಯವಾಗುವ ಜೀನುಗಳ ನೆರವಿನಿಂದ ತಮ್ಮ ಜೀವನಕ್ರಮ ಬದಲಿಸಿಕೊಳ್ಳುತ್ತವೆ. ಸಕ್ಕರೆಯನ್ನು ಅರ್ಧಕ್ಕೇ ಒಡೆದು ಆಮ್ಲವನ್ನು ಹೊರಹಾಕುತ್ತವೆ. ಆ ಹುಳಿಯಲ್ಲಿ ಸಹಜ ಕೋಶಗಳು ಸೊರಗುತ್ತವೆ, ಅದಕ್ಕೆ ಒಗ್ಗಿದ ಕೋಶಗಳು ಉಳಿಯುತ್ತವೆ. ಇಕ್ಕಟ್ಟು ಕೂಡ ಹಾನಿ ಮಾಡುತ್ತದೆ. ಒತ್ತೊತ್ತಾಗಿ ತುಂಬಿದ ನಾಳದಲ್ಲಿ ಕೋಶಗಳ ಬೀಜಕೇಂದ್ರದ ಹೊದಿಕೆ ಹರಿಯುತ್ತದೆ, ಆಗ ಟ್ರೆಕ್ಸ್‌1 ಎಂಬ ಕಿಣ್ವ ಒಳನುಗ್ಗಿ ಡಿಎನ್‌ಎಗೆ ಪೆಟ್ಟು ಕೊಡುತ್ತದೆ, ಪೆಟ್ಟು ತಿಂದ ಕೋಶ ಇನ್ನಷ್ಟು ನುಗ್ಗುವ ಸ್ವಭಾವ ಪಡೆಯುತ್ತದೆ ಎಂದು 2021ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ತೋರಿಸಿದರು. ಸಂದಣಿಯೇ ನುಗ್ಗಾಟವನ್ನು ಹುಟ್ಟಿಸುತ್ತದೆ ಎಂಬ ಈ ಶೋಧನೆ ಜೀನುಗಳ ಪಟ್ಟಿಯಲ್ಲೇ ಉತ್ತರ ಹುಡುಕುತ್ತಿದ್ದವರನ್ನು ಹೊಸ ದಿಕ್ಕಿಗೆ ತಿರುಗಿಸಿದೆ.

ಗೋಡೆಯ ವಿಷಯದಲ್ಲಿ ಮುಖ್ಯ ಪಾತ್ರ ಮಯೋಎಪಿಥೀಲಿಯಲ್ ಕೋಶಗಳದು. ತಳಪೊರೆಯ ಬಹುಭಾಗವನ್ನು ತಯಾರಿಸುವುದೂ ದುರಸ್ತಿ ಮಾಡುವುದೂ ಇವೇ. ಪೊರೆಯನ್ನು ಕರಗಿಸುವ ಕಿಣ್ವಗಳಿಗೆ ತಡೆಯೊಡ್ಡುವ ಪ್ರೋಟೀನುಗಳನ್ನೂ ಇವು ಸ್ರವಿಸುತ್ತವೆ. ಸೂಕ್ಷ್ಮದರ್ಶಕದಡಿ ಈ ಪದರ ಉಳಿದಿದೆಯೇ ಇಲ್ಲವೇ ಎಂಬುದರ ಮೇಲೆಯೇ ನಾಳದೊಳಗಿನದೋ ಆಕ್ರಮಣಕಾರಿಯೋ ಎಂಬ ತೀರ್ಮಾನ ನಿಂತಿರುತ್ತದೆ. ಪಿ63 ಮುಂತಾದ ಪ್ರೋಟೀನುಗಳಿಗೆ ಬಣ್ಣ ಹಚ್ಚಿ ರೋಗಶಾಸ್ತ್ರಜ್ಞರು ಹುಡುಕುವುದು ಈ ಪದರವನ್ನೇ. ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯ ಕೊರ್ನೆಲಿಯಾ ಪೊಲ್ಯಾಕ್ ಅವರ ಪ್ರಯೋಗಾಲಯ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾನವ ಮೂಲದ ನಾಳದೊಳಗಿನ ಕ್ಯಾನ್ಸರ್ ಕೋಶಗಳನ್ನು ಇಲಿಗಳಲ್ಲಿ ಬೆಳೆಸಲಾಯಿತು. ಜೊತೆಗೆ ಸಹಜ ಮಯೋಎಪಿಥೀಲಿಯಲ್ ಕೋಶಗಳನ್ನು ಇಟ್ಟಾಗ ಗಡ್ಡೆ ನಾಳದಂಥ ರಚನೆಯೊಳಗೇ ಉಳಿಯಿತು. ಫೈಬ್ರೊಬ್ಲಾಸ್ಟ್‌ಗಳನ್ನು ಇಟ್ಟಾಗ ಹೊರಗೆ ನುಗ್ಗಿತು. ಕ್ಯಾನ್ಸರ್ ಕೋಶಗಳು ಎರಡರಲ್ಲೂ ಒಂದೇ ಬಗೆಯವು. ಬದಲಾದದ್ದು ನೆರೆಹೊರೆ ಮಾತ್ರ.

ನಾಳದೊಳಗಿನ ಹಂತದಲ್ಲೇ ಈ ಪದರದ ಕೋಶಗಳ ಸ್ವಭಾವ ಬದಲಾಗತೊಡಗುತ್ತದೆ. ಕಾಯುವ ಪ್ರೋಟೀನುಗಳ ತಯಾರಿ ತಗ್ಗುತ್ತದೆ, ಪದರ ತೆಳುವಾಗುತ್ತದೆ, ಅಲ್ಲಲ್ಲಿ ಬಿರುಕು ಬಿಡುತ್ತದೆ. ಇಲ್ಲಿಗೆ ಚಿತ್ರ ಸ್ಪಷ್ಟವಾಯಿತು ಎನ್ನುವಾಗ ಸ್ಟ್ಯಾನ್‌ಫರ್ಡ್‌ನಿಂದ 2022ರಲ್ಲಿ ಬಂದ ಒಂದು ಅಧ್ಯಯನ ಎಲ್ಲರನ್ನೂ ತಡೆದು ನಿಲ್ಲಿಸಿತು. ಮೈಕೆಲ್ ಆಂಜೆಲೊ ಮತ್ತು ರಾಬರ್ಟ್ ವೆಸ್ಟ್ ಅವರ ತಂಡ ಒಂದೇ ಅಂಗಾಂಶದಲ್ಲಿ ಹತ್ತಾರು ಪ್ರೋಟೀನುಗಳನ್ನು ಏಕಕಾಲಕ್ಕೆ ಚಿತ್ರಿಸುವ ತಂತ್ರ ಬಳಸಿ, ಮುಂದೆ ಆಕ್ರಮಣಕಾರಿ ಕ್ಯಾನ್ಸರ್ ಬಂದವರ ಮತ್ತು ಬಾರದವರ ಮೊದಲ ಬಯಾಪ್ಸಿಗಳನ್ನು ಹೋಲಿಸಿತು. ಮಯೋಎಪಿಥೀಲಿಯಲ್ ಪದರ ಹೆಚ್ಚು ಹಾಳಾಗಿದ್ದದ್ದು ಕ್ಯಾನ್ಸರ್ ಮರುಕಳಿಸದವರಲ್ಲಿ. ಪದರ ದಪ್ಪವಾಗಿ, ಸಹಜ ಸ್ತನದ ಪದರಕ್ಕೆ ಹತ್ತಿರವಾಗಿದ್ದವರಿಗೇ ಮುಂದೆ ಕ್ಯಾನ್ಸರ್ ಬಂದಿತ್ತು. ಗೋಡೆ ಬಿರುಕು ಬಿಟ್ಟಾಗ ಹೊರಗಿನ ರೋಗನಿರೋಧಕ ಕೋಶಗಳಿಗೆ ಒಳಗಿನ ಶತ್ರುವಿನ ಗುರುತು ಸಿಗುತ್ತದೆ, ಅದು ರಕ್ಷಣೆಗೆ ದಾರಿಯಾಗಬಹುದು ಎಂಬುದು ಒಂದು ವಿವರಣೆ. 2008ರ ಇಲಿ ಪ್ರಯೋಗಕ್ಕೂ ಇದಕ್ಕೂ ವಿರೋಧವಿದೆ ಎಂದು ಅವಸರದಲ್ಲಿ ಹೇಳಬಾರದು. ಆ ಪ್ರಯೋಗದ ಇಲಿಗಳಿಗೆ ಪೂರ್ಣ ರೋಗನಿರೋಧಕ ವ್ಯವಸ್ಥೆ ಇರಲಿಲ್ಲ, ಮಹಿಳೆಯರಿಗೆ ಇದೆ. ಒಂದೇ ಗೋಡೆ ಕ್ಯಾನ್ಸರನ್ನು ಒಳಗೆ ಕಟ್ಟಿಹಾಕಲೂ ಬಲ್ಲದು, ದೇಹದ ಕಾವಲಿನಿಂದ ಮರೆಮಾಡಲೂ ಬಲ್ಲದು. ಇತ್ತೀಚಿನ ವರ್ಷಗಳ ಸಂಶೋಧನೆಯಲ್ಲಿ ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವ ಫಲಿತಾಂಶ ಇನ್ನೊಂದಿಲ್ಲ.

ಪೊರೆಯಾಚೆಗಿನ ಅಂಗಾಂಶ ಗಡಿ ದಾಟುವ ಮುನ್ನವೇ ಬದಲಾಗುತ್ತದೆ. ಫೈಬ್ರೊಬ್ಲಾಸ್ಟ್‌ಗಳು ಹೆಚ್ಚು ಕೊಲಾಜನ್ ನೇಯುತ್ತವೆ. ಅಂಗಾಂಶ ಬಿಗಿಯಾಗುತ್ತದೆ. ನಾಳವನ್ನು ಸುತ್ತುವರಿದು ಅಡ್ಡಲಾಗಿದ್ದ ಎಳೆಗಳು ನಾಳಕ್ಕೆ ನೇರವಾಗಿ ಹೊರಮುಖವಾಗಿ ತಿರುಗಿದಾಗ ಕೋಶಗಳು ಅವುಗಳ ಉದ್ದಕ್ಕೂ ಸಾಗುತ್ತವೆ ಎಂಬುದನ್ನು ವಿಸ್ಕಾನ್ಸಿನ್‌ನ ಪೆಟ್ರೀಷಿಯಾ ಕೀಲಿ ಅವರ ತಂಡ ಇಲಿಗಳಲ್ಲಿ ಕಂಡಿತು. ರೋಗನಿರೋಧಕ ಕೋಶಗಳ ಸ್ಥಿತಿಯೂ ಹಾಗೆಯೇ. ನಾಳದೊಳಗಿನ ಹಂತದಲ್ಲಿ ಕ್ಯಾನ್ಸರನ್ನು ಕೊಲ್ಲಬಲ್ಲ ಟಿ ಕೋಶಗಳು ಸುತ್ತಲೂ ಚುರುಕಾಗಿರುತ್ತವೆ. ಆಕ್ರಮಣಕಾರಿ ಹಂತದಲ್ಲಿ ಅವು ದಣಿದು, ಹತ್ತಿಕ್ಕಲ್ಪಟ್ಟಿರುತ್ತವೆ. ಹೆರಿಗೆಯ ನಂತರ ಮಗು ಹಾಲು ಬಿಟ್ಟಾಗ ಸ್ತನ ತನ್ನ ಹಳೆಯ ಗಾತ್ರಕ್ಕೆ ಮರಳುವ ಅವಧಿಯಲ್ಲೂ ಗಾಯ ಮಾಯುವಾಗಿನಂಥ ಕೊಲಾಜನ್ ಹೆಣಿಗೆ ನಡೆಯುತ್ತದೆ. ಪೆಪ್ಪರ್ ಶೆಡಿನ್ ಅವರ ತಂಡ 2011ರಲ್ಲಿ ಪ್ರಕಟಿಸಿದ ಇಲಿ ಪ್ರಯೋಗಗಳಲ್ಲಿ ಈ ಅವಧಿಯಲ್ಲಿ ನಾಳದೊಳಗಿನ ಕ್ಯಾನ್ಸರ್ ಬೇಗ ಹೊರಬಿತ್ತು, ಉರಿಯೂತ ತಗ್ಗಿಸುವ ಔಷಧ ಕೊಟ್ಟಾಗ ಅದು ಕುಂದಿತು. ಹೆರಿಗೆಯಾದ ಕೆಲವು ವರ್ಷಗಳಲ್ಲಿ ಪತ್ತೆಯಾಗುವ ಸ್ತನ ಕ್ಯಾನ್ಸರ್ ಹೆಚ್ಚು ಉಗ್ರವಾಗಿರುವುದಕ್ಕೆ ಇದು ಒಂದು ಕಾರಣವಿರಬಹುದು. ಹಾಗೆಂದು ಎದೆಹಾಲುಣಿಸುವುದಕ್ಕೆ ಯಾರೂ ಹೆದರಬೇಕಿಲ್ಲ. ಒಟ್ಟು ಬದುಕಿನ ಲೆಕ್ಕದಲ್ಲಿ ಎದೆಹಾಲುಣಿಸುವುದು ಸ್ತನ ಕ್ಯಾನ್ಸರಿನ ಸಾಧ್ಯತೆಯನ್ನು ತಗ್ಗಿಸುತ್ತದೆ.

ದಾಟುವ ಗಳಿಗೆಯಲ್ಲಿ ಕೋಶಗಳು ಚಾಚುಗಾಲುಗಳಂಥ ಮುಂಚಾಚುಗಳನ್ನು ಹೊರಡಿಸಿ, ಎಂಎಂಪಿ14 ಮುಂತಾದ ಕಿಣ್ವಗಳಿಂದ ಪೊರೆಯನ್ನು ಕರಗಿಸುತ್ತವೆ. ಒಂಟಿಯಾಗಿ ಹೋಗುವುದಕ್ಕಿಂತ ಗುಂಪಾಗಿ ಹೋಗುವುದೇ ಹೆಚ್ಚು. ಗುಂಪಿನ ಮುಂದಾಳುಗಳಾದ ಕೋಶಗಳು, ಸಾಮಾನ್ಯವಾಗಿ ಹೊರಪದರದಲ್ಲಿ ಇರುವ ಕೆರಾಟಿನ್‌-14 ಪ್ರೋಟೀನನ್ನು ತಾವೇ ತಯಾರಿಸಿಕೊಂಡಿರುತ್ತವೆ ಎಂದು ಜಾನ್ಸ್ ಹಾಪ್ಕಿನ್ಸ್‌ನ ಕೆವಿನ್ ಚೆಯುಂಗ್ ಮತ್ತು ಆ್ಯಂಡ್ರೂ ಎವಾಲ್ಡ್ 2013ರಲ್ಲಿ ತೋರಿಸಿದರು. ಹೊರಬಿದ್ದ ಭಾಗ ಒಂದು ಮಿಲಿಮೀಟರಿನೊಳಗಿದ್ದರೆ ಅದನ್ನು ಸೂಕ್ಷ್ಮ ಆಕ್ರಮಣ ಎಂದು ಬರೆಯುತ್ತಾರೆ. ಅಲ್ಲಿಂದ ಮುಂದೆ ರಕ್ತನಾಳವೂ ದುಗ್ಧರಸ ನಾಳವೂ ಕೈಗೆಟಕುವ ದೂರದಲ್ಲಿವೆ. ಕಂಕುಳಿನ ಗ್ರಂಥಿಗಳನ್ನು ಪರೀಕ್ಷಿಸುವ ಅಗತ್ಯ ಬರುವುದು ಇದಕ್ಕಾಗಿಯೇ. ಸೂಜಿಯ ಬಯಾಪ್ಸಿಯಲ್ಲಿ ನಾಳದೊಳಗಿನದು ಎಂದು ಕಂಡ ಪ್ರಕರಣಗಳಲ್ಲಿ ಸುಮಾರು ನಾಲ್ಕರಲ್ಲೊಂದರಲ್ಲಿ, ಪೂರ್ತಿ ಗಡ್ಡೆಯನ್ನು ತೆಗೆದು ನೋಡಿದಾಗ ಆಕ್ರಮಣಕಾರಿ ಭಾಗವೂ ಸಿಗುತ್ತದೆ. ಸೂಜಿ ತರುವುದು ಗಡ್ಡೆಯ ಚೂರುಗಳನ್ನು ಮಾತ್ರ.

ಚಿಕಿತ್ಸೆಯ ನಂತರವೂ ಅದೇ ಸ್ತನದಲ್ಲಿ ಆಕ್ರಮಣಕಾರಿ ಕ್ಯಾನ್ಸರ್ ಬಂದರೆ ಅದು ಹಳೆಯದರ ಮುಂದುವರಿಕೆ ಎಂದು ಎಲ್ಲರೂ ಭಾವಿಸಿದ್ದರು. ನೆದರ್‌ಲ್ಯಾಂಡ್ಸ್‌ನ ಎಸ್ತರ್ ಲಿಪ್ಸ್ ಮತ್ತು ಸಹೋದ್ಯೋಗಿಗಳು 2022ರಲ್ಲಿ ಪ್ರಕಟಿಸಿದ ಜೀನೋಮ್ ಹೋಲಿಕೆಯಲ್ಲಿ ಸುಮಾರು ಮುಕ್ಕಾಲು ಪಾಲು ಹಾಗೆಯೇ ಇದ್ದವು. ಆದರೆ ನೂರಕ್ಕೆ ಸುಮಾರು 18ರಷ್ಟು ಹಳೆಯದಕ್ಕೆ ಯಾವ ಸಂಬಂಧವೂ ಇಲ್ಲದ ಹೊಸ ಕ್ಯಾನ್ಸರುಗಳು. ಅಂಥವರಲ್ಲಿ ನಾಳದೊಳಗಿನ ಕ್ಯಾನ್ಸರ್ ಪೂರ್ವರೂಪವಲ್ಲ, ಆ ಸ್ತನ ಕ್ಯಾನ್ಸರಿಗೆ ತುತ್ತಾಗಬಲ್ಲದು ಎಂಬುದರ ಸೂಚನೆ ಮಾತ್ರ.

ಈ ತಿಳಿವಳಿಕೆಯ ಬೆಳಕಿನಲ್ಲಿ ಚಿಕಿತ್ಸೆಯನ್ನು ನೋಡಬೇಕು. ಗಡ್ಡೆಯ ಭಾಗವನ್ನಷ್ಟೇ ಸುತ್ತಲಿನ ಆರೋಗ್ಯವಂತ ಅಂಚಿನೊಂದಿಗೆ ತೆಗೆಯುವುದು, ನಂತರ ವಿಕಿರಣ ಚಿಕಿತ್ಸೆ ಕೊಡುವುದು ಇಂದು ವಾಡಿಕೆ. ರೋಗ ಬಹಳ ಹರಡಿಕೊಂಡಿದ್ದರೆ ಇಡೀ ಸ್ತನ ತೆಗೆಯುತ್ತಾರೆ. ಈಸ್ಟ್ರೋಜನ್ ಗ್ರಾಹಕವಿದ್ದರೆ ಟಮಾಕ್ಸಿಫೆನ್‌ನಂಥ ಮಾತ್ರೆ ಕೊಡುವುದುಂಟು. ನಾಲ್ಕು ಪ್ರಯೋಗಗಳ 3,729 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಹತ್ತು ವರ್ಷದೊಳಗೆ ಅದೇ ಸ್ತನದಲ್ಲಿ ರೋಗ ಮರಳುವ ಪ್ರಮಾಣ ವಿಕಿರಣವಿಲ್ಲದೆ ನೂರಕ್ಕೆ 28.1, ವಿಕಿರಣದೊಂದಿಗೆ 12.9. ಮರಳಿ ಬಂದವುಗಳಲ್ಲಿ ಅರ್ಧದಷ್ಟು ಆಕ್ರಮಣಕಾರಿ. ಇಷ್ಟಾದರೂ ಸ್ತನ ಕ್ಯಾನ್ಸರಿನಿಂದಾದ ಸಾವುಗಳ ಸಂಖ್ಯೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಕೆನಡಾದ ಸ್ಟೀವನ್ ನಾರೋಡ್ ಅವರ ತಂಡ ಅಮೆರಿಕದ 1,08,196 ಮಹಿಳೆಯರ ದಾಖಲೆಗಳಿಂದ ತೆಗೆದ ಲೆಕ್ಕದಲ್ಲಿ, ನಾಳದೊಳಗಿನ ಕ್ಯಾನ್ಸರ್ ಪತ್ತೆಯಾದವರಲ್ಲಿ 20 ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡವರು ನೂರಕ್ಕೆ 3.3. ವರದಿಯಲ್ಲಿ ಕ್ಯಾನ್ಸರ್ ಎಂಬ ಪದ ನೋಡಿ ಕುಸಿದುಹೋಗುವ ಕುಟುಂಬಗಳಿಗೆ ಈ ಸಂಖ್ಯೆಯನ್ನು ಮೊದಲ ಭೇಟಿಯಲ್ಲೇ ಹೇಳಬೇಕು.

ಕಡಿಮೆ ಅಪಾಯದವರಿಗೆ ಶಸ್ತ್ರಚಿಕಿತ್ಸೆಯನ್ನೇ ಬಿಟ್ಟು ನಿಗಾ ಇಟ್ಟರೆ ಸಾಕೇ ಎಂದು ಪರೀಕ್ಷಿಸುವ ಪ್ರಯೋಗಗಳು ಬ್ರಿಟನ್, ನೆದರ್‌ಲ್ಯಾಂಡ್ಸ್, ಅಮೆರಿಕಗಳಲ್ಲಿ ನಡೆದಿವೆ. ಅಮೆರಿಕದ ‘ಕಾಮೆಟ್’ ಪ್ರಯೋಗದ ಮೊದಲ ಫಲಿತಾಂಶವನ್ನು ಶೆಲ್ಲಿ ಹ್ವಾಂಗ್ ಮತ್ತು ಸಂಗಡಿಗರು 2024ರ ಡಿಸೆಂಬರಿನಲ್ಲಿ ಪ್ರಕಟಿಸಿದರು. 40 ವರ್ಷ ದಾಟಿದ, ಕೆಳ ಅಥವಾ ಮಧ್ಯಮ ದರ್ಜೆಯ, ಹಾರ್ಮೋನ್ ಗ್ರಾಹಕವಿರುವ ರೋಗದ 957 ಮಹಿಳೆಯರು ಅದರಲ್ಲಿದ್ದರು. ಎರಡು ವರ್ಷದಲ್ಲಿ ಅದೇ ಸ್ತನದಲ್ಲಿ ಆಕ್ರಮಣಕಾರಿ ಕ್ಯಾನ್ಸರ್ ಕಂಡದ್ದು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 5.9, ನಿಗಾ ಗುಂಪಿನಲ್ಲಿ 4.2. ನಿಗಾ ಗುಂಪಿನ ಹಲವರು ಹಾರ್ಮೋನ್ ತಡೆಯುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಫಲಿತಾಂಶ ಆಶಾದಾಯಕ. ಆದರೆ ನ್ಯಾಶ್‌ವಿಲ್‌ನ ಮಹಿಳೆಯರಲ್ಲಿ ಕೆಲವರಿಗೆ ಆಕ್ರಮಣಕಾರಿ ಕ್ಯಾನ್ಸರ್ ಬರಲು ಎರಡರಿಂದ ನಾಲ್ಕು ದಶಕ ಹಿಡಿದಿತ್ತು ಎಂಬುದನ್ನು ನೆನೆದರೆ, ಎರಡು ವರ್ಷದ ಲೆಕ್ಕವನ್ನು ಆಧರಿಸಿ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಡ ಎನ್ನುವುದು ಸರಿಯಲ್ಲ. ಮೇಲ್ದರ್ಜೆಯ ರೋಗಕ್ಕಂತೂ ಈ ಪ್ರಯೋಗ ಅನ್ವಯಿಸುವುದೇ ಇಲ್ಲ.

ಭಾರತದ ಸ್ಥಿತಿ ಇದಕ್ಕೆ ತದ್ವಿರುದ್ಧ. 2022ರ ಜಾಗತಿಕ ಅಂದಾಜಿನಂತೆ ಇಲ್ಲಿ ಆ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬಂತು, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸಿಕೊಂಡು ಬಂದಿರುವ ನೋಂದಣಿಯಲ್ಲಿ, ಒಂದು ಕಾಲಕ್ಕೆ ಮುಂದಿದ್ದ ಗರ್ಭಕೊರಳಿನ ಕ್ಯಾನ್ಸರನ್ನು ಹಿಂದಿಕ್ಕಿ ಸ್ತನ ಕ್ಯಾನ್ಸರ್ ನಗರದ ಮಹಿಳೆಯರಲ್ಲಿ ಮೊದಲ ಸ್ಥಾನಕ್ಕೆ ಬಂದಿದೆ. ದೇಶವ್ಯಾಪಿ ಮ್ಯಾಮೊಗ್ರಾಂ ತಪಾಸಣೆ ಇಲ್ಲದಿರುವುದರಿಂದ ನಾಳದೊಳಗಿನ ಹಂತದಲ್ಲಿ ಸಿಗುವವರು ಬಹಳ ಕಡಿಮೆ. ಬಹುಪಾಲು ಮಹಿಳೆಯರು ಬರುವುದು ಗಂಟು ದೊಡ್ಡದಾದ ಮೇಲೆ, ಅನೇಕ ಸಲ ಕಂಕುಳಿಗೆ ಹರಡಿದ ಮೇಲೆ. ಅಮೆರಿಕದ ಚರ್ಚೆ ಅತಿಯಾದ ಚಿಕಿತ್ಸೆಯ ಬಗ್ಗೆ, ಇಲ್ಲಿನ ಸಂಕಟ ತಡವಾದ ಚಿಕಿತ್ಸೆಯದು.

ಈ ತಡವನ್ನು ತಗ್ಗಿಸಲು ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 1998ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ 35ರಿಂದ 64 ವರ್ಷದ 1,51,538 ಮಹಿಳೆಯರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅವರಲ್ಲಿ ಅರ್ಧದಷ್ಟು ಮಂದಿಯ ಸ್ತನಗಳನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ 20 ವರ್ಷಗಳ ಫಲಿತಾಂಶದಲ್ಲಿ, ಪರೀಕ್ಷೆಗೆ ಒಳಗಾದವರಲ್ಲಿ ರೋಗ ಮೊದಲಿನ ಹಂತಗಳಲ್ಲೇ ಪತ್ತೆಯಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ ಸುಮಾರು 30ರಷ್ಟು ಇಳಿಯಿತು. 50ರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಕೇಂದ್ರ ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ 30 ದಾಟಿದ ಮಹಿಳೆಯರಿಗೆ ಇಂಥ ಪರೀಕ್ಷೆಯ ಅವಕಾಶವಿದೆ.

ನಾಳದೊಳಗಿನ ಕ್ಯಾನ್ಸರ್ ಎಂಬ ವರದಿ ಕೈಗೆ ಬಂದವರು ಅದೇ ವಾರ ಎಲ್ಲವನ್ನೂ ತೀರ್ಮಾನಿಸಬೇಕಿಲ್ಲ. ಕೋಶಗಳ ದರ್ಜೆ ಏನು, ಎಷ್ಟು ಹರಡಿದೆ, ತೆಗೆದ ಭಾಗದ ಅಂಚಿನಲ್ಲಿ ರೋಗ ಉಳಿದಿದೆಯೇ, ಹಾರ್ಮೋನ್ ಗ್ರಾಹಕ ಇದೆಯೇ ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಲು ಸಮಯವಿದೆ. ಆದರೆ ಸ್ತನದಲ್ಲಿ ಹೊಸ ಗಂಟು ಸಿಕ್ಕ, ತೊಟ್ಟಿನಿಂದ ರಕ್ತ ಬಂದ ಅಥವಾ ಚರ್ಮ ಒಳಸರಿದ ಮಹಿಳೆಯ ಮಾತು ಬೇರೆ. ಆಕೆ ನೋವಿಲ್ಲವೆಂದು ಕಾಯದೆ, ಸಂಕೋಚ ಪಡದೆ, ಮನೆಯ ಕೆಲಸ ಮುಗಿಯಲಿ ಎನ್ನದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಆಕೆಯನ್ನು ಕರೆದುಕೊಂಡು ಹೋಗುವುದು ಮನೆಯವರ ಹೊಣೆ.